ಜಿಲ್ಲಾ ಕೇಂದ್ರವೊಂದರ ಡಯಾಲಿಸಿಸ್ ಘಟಕ: ನೀರಿನ ಲೆಕ್ಕ ಹಿಡಿದು ಒಂದು ವಿಮರ್ಶೆ

ಮೂತ್ರಪಿಂಡ ಕೆಟ್ಟವರ ರಕ್ತವನ್ನು ಯಂತ್ರದಿಂದ ಶುದ್ಧಗೊಳಿಸುವ ಡಯಾಲಿಸಿಸ್ ಕೇಂದ್ರಗಳ ಬಗ್ಗೆ ಜನ ಬರೆಯುವ ಅಭಿಪ್ರಾಯಗಳಲ್ಲಿ ಎ.ಸಿ., ಟಿವಿ, ಸಿಬ್ಬಂದಿಯ ನಗುಮುಖ, ಗಾಡಿ ನಿಲ್ಲಿಸುವ ಜಾಗ ಇವುಗಳೇ ಹೆಚ್ಚಾಗಿ ಕಾಣುತ್ತವೆ. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಮಲಗಿರಬೇಕಾದವರಿಗೆ ಇವು ಬೇಡವೆನ್ನಲಾಗದು. ಆದರೆ ಇಂಥ ಕೇಂದ್ರದ ಯೋಗ್ಯತೆ ತಿಳಿಯುವುದು ಅದು ನೀರಿನ ಲೆಕ್ಕವನ್ನು ಹೇಗೆ ಇಡುತ್ತದೆ ಎಂಬುದರಿಂದ ಎಂದು ನನಗೆ ಮನವರಿಕೆಯಾಗಿದೆ: ರೋಗಿಯ ಮೈಯಲ್ಲಿ ಸೇರಿಕೊಂಡ ನೀರು, ಯಂತ್ರದೊಳಗೆ ಹರಿಯುವ ನೀರು, ಮನೆಯಲ್ಲಿ ರೋಗಿ ಕುಡಿಯುವ ನೀರು. ನಮ್ಮ ಜಿಲ್ಲಾ ಕೇಂದ್ರದಲ್ಲಿ ಧರ್ಮದತ್ತಿಯೊಂದು ನಡೆಸುತ್ತಿರುವ, ನನ್ನ ತಾಯಿಯವರು ಚಿಕಿತ್ಸೆ ಪಡೆಯುತ್ತಿರುವ ಘಟಕವನ್ನು ಇಲ್ಲಿ ಈ ಮೂರರ ಮೇಲೆಯೇ ಪರಿಶೀಲಿಸಿದ್ದೇನೆ. ಹೆಸರು ಬರೆದಿಲ್ಲ, ಇಲ್ಲಿ ಎತ್ತಿರುವ ಪ್ರಶ್ನೆಗಳು ಯಾವ ಊರಿನ ಘಟಕದಲ್ಲಾದರೂ ಕೇಳಬೇಕಾದಂಥವು.

ಯಂತ್ರದ ಗುಣದೋಷ ಹೇಳುವ ಮೊದಲು ಅದು ಯಾವ ಅಂಗದ ಜಾಗದಲ್ಲಿ ನಿಂತಿದೆ ಎಂಬುದನ್ನು ನೋಡಬೇಕು. ಒಂದೊಂದೂ ಸುಮಾರು 150 ಗ್ರಾಂ ತೂಗುವ ಎರಡು ಮೂತ್ರಪಿಂಡಗಳಿಗೆ ಹೃದಯ ಹೊರದೂಡುವ ರಕ್ತದಲ್ಲಿ ಐದನೆಯ ಒಂದು ಪಾಲು, ಅಂದರೆ ನಿಮಿಷಕ್ಕೆ ಒಂದು ಲೀಟರಿನಷ್ಟು, ಹರಿದು ಹೋಗುತ್ತದೆ. ಪ್ರತಿ ಮೂತ್ರಪಿಂಡದಲ್ಲಿ ಸೋಸುವ ಸೂಕ್ಷ್ಮ ಘಟಕಗಳಾದ ಸುಮಾರು 10 ಲಕ್ಷ ನೆಫ್ರಾನ್‌ಗಳಿರುತ್ತವೆ. ಪ್ರತಿಯೊಂದರ ತಲೆಯಲ್ಲಿ ಅತಿಸೂಕ್ಷ್ಮ ರಕ್ತನಾಳಗಳ ಒಂದು ಗೊಂಚಲಿದ್ದು, ಅದನ್ನು ಗ್ಲೊಮೆರುಲಸ್ ಎನ್ನುತ್ತಾರೆ. ಗೊಂಚಲಿಗೆ ರಕ್ತ ತರುವ ನಾಳವನ್ನೂ ಅಲ್ಲಿಂದ ಒಯ್ಯುವ ನಾಳವನ್ನೂ ಬೇಕಾದಂತೆ ಹಿಗ್ಗಿಸಿ ಕುಗ್ಗಿಸಿ ಒಳಗಿನ ಒತ್ತಡವನ್ನು ದೇಹ ಹದದಲ್ಲಿ ಇಟ್ಟುಕೊಳ್ಳುತ್ತದೆ. ಆ ಒತ್ತಡಕ್ಕೆ ನೀರು, ಲವಣ, ಸಕ್ಕರೆ, ಯೂರಿಯಾ ಸೋಸಿ ಹೊರಬರುತ್ತವೆ. ರಕ್ತಕಣಗಳೂ ಆಲ್ಬುಮಿನ್‌ನಂಥ ದೊಡ್ಡ ಪ್ರೋಟೀನುಗಳೂ ಹಿಂದೆ ಉಳಿಯುತ್ತವೆ. ಆರೋಗ್ಯವಂತರಲ್ಲಿ ಹೀಗೆ ಸೋಸಿ ಬರುವ ದ್ರವ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ದಿನಕ್ಕೆ ಸುಮಾರು 180 ಲೀಟರ್. ಮೈಯಲ್ಲಿರುವ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಮೂರು ಲೀಟರಿನಷ್ಟೇ ಆದ್ದರಿಂದ, ಅದು ದಿನಕ್ಕೆ ಸುಮಾರು 60 ಸಲ ಸೋಸಿಹೋಗುತ್ತದೆ ಎಂದಾಯಿತು.

ಸೋಸಿದ್ದೆಲ್ಲ ಮೂತ್ರವಾಗಿ ಹೊರಟುಹೋದರೆ ಪ್ಲಾಸ್ಮಾ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ. ಹೀಗಾಗಿ ಮೂತ್ರಪಿಂಡದ ನಿಜವಾದ ಜಾಣ್ಮೆ ಇರುವುದು ಸೋಸುವುದಕ್ಕಿಂತ ಹೆಚ್ಚಾಗಿ ಹಿಂದಕ್ಕೆ ಪಡೆಯುವುದರಲ್ಲಿ. ಸೋಸಿದ ದ್ರವ ಹರಿದುಹೋಗುವ ನೆಫ್ರಾನ್ ನಾಳದ ಮೊದಲ ಸುರುಳಿಯಲ್ಲೇ ನೀರು ಮತ್ತು ಸೋಡಿಯಂನ ಮೂರನೆಯ ಎರಡು ಪಾಲು, ಸಕ್ಕರೆಯ ಹೆಚ್ಚುಕಡಿಮೆ ಅಷ್ಟೂ ರಕ್ತಕ್ಕೆ ಮರಳುತ್ತವೆ. ಮುಂದೆ ನಾಳವು ಮೂತ್ರಪಿಂಡದ ಒಳಭಾಗಕ್ಕೆ ಇಳಿದು, ತಿರುಗಿ ಮೇಲೇರುತ್ತದೆ. ಏರುವ ಕಡೆಯ ಗೋಡೆ ಉಪ್ಪನ್ನು ಹೊರಕ್ಕೆ ತಳ್ಳುತ್ತದೆ, ನೀರನ್ನು ಮಾತ್ರ ಬಿಟ್ಟುಕೊಡುವುದಿಲ್ಲ; ಇದರಿಂದ ಸುತ್ತಲಿನ ಅಂಗಾಂಶದ ಸಾಂದ್ರತೆ ರಕ್ತದ ನಾಲ್ಕು ಪಟ್ಟಿನವರೆಗೂ ಏರುತ್ತದೆ. ಕೊನೆಯ ಸಂಗ್ರಾಹಕ ನಾಳ ಈ ಉಪ್ಪಿನ ವಲಯದ ನಡುವೆಯೇ ಕೆಳಗಿಳಿಯಬೇಕು. ಅಲ್ಲಿ ನೀರು ನಾಳದಿಂದ ಹೊರಬಂದು ರಕ್ತ ಸೇರುತ್ತದೆಯೋ ಮೂತ್ರವಾಗಿ ಹೋಗುತ್ತದೆಯೋ ಎಂಬುದನ್ನು ನಿರ್ಧರಿಸುವುದು ಮಿದುಳಿನಿಂದ ಬರುವ ಎ.ಡಿ.ಎಚ್. ಎಂಬ ಹಾರ್ಮೋನು. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಮಿದುಳಿನ ಹೈಪೊಥಲಾಮಸ್‌ಗೆ ತಿಳಿಯುತ್ತದೆ, ಪಿಟ್ಯುಟರಿ ಗ್ರಂಥಿ ಹಾರ್ಮೋನನ್ನು ಬಿಡುತ್ತದೆ, ಸಂಗ್ರಾಹಕ ನಾಳದ ಜೀವಕೋಶಗಳು ತಮ್ಮೊಳಗೆ ಕೂಡಿಟ್ಟುಕೊಂಡ ಆಕ್ವಪೊರಿನ್ ಎಂಬ ನೀರಿನ ಕಿಂಡಿಗಳನ್ನು ಗೋಡೆಗೆ ತಂದು ಕೂರಿಸುತ್ತವೆ. ಈ ಕಿಂಡಿಗಳನ್ನು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು. ಕುಡಿದದ್ದು ಹೆಚ್ಚಾದರೆ ಹಾರ್ಮೋನು ಇಳಿಯುತ್ತದೆ, ಕಿಂಡಿಗಳು ಒಳಕ್ಕೆ ಸರಿಯುತ್ತವೆ, ನೀರು ಹೊರಟುಹೋಗುತ್ತದೆ. ದಿನದ ಮೂತ್ರವನ್ನು ಅರ್ಧ ಲೀಟರಿಗೆ ಇಳಿಸುವುದೂ ಹತ್ತು ಲೀಟರಿನ ಆಚೆಗೆ ಏರಿಸುವುದೂ ಹೀಗೆ ಸಾಧ್ಯವಾಗುತ್ತದೆ.

ಈ ಕೆಲಸ ವಾರದ 168 ಗಂಟೆಯೂ ನಡೆಯುವಂಥದ್ದು. ಯಂತ್ರಕ್ಕೆ ಸಿಗುವುದು 12 ಗಂಟೆ. ನಾನು ಒಂದು ಲೋಟ ಮಜ್ಜಿಗೆ ಹೆಚ್ಚಾಗಿ ಕುಡಿದರೆ ಸ್ವಲ್ಪ ಹೊತ್ತಿನಲ್ಲೇ ಲೆಕ್ಕ ಸರಿಹೋಗುತ್ತದೆ. ಅಮ್ಮ ಕುಡಿದ ಮಜ್ಜಿಗೆ ಮುಂದಿನ ಸರದಿಯವರೆಗೂ ಕಾಲಿನಲ್ಲೋ ಶ್ವಾಸಕೋಶದಲ್ಲೋ ಕಾದಿರುತ್ತದೆ. ಡಯಾಲಿಸಿಸ್ ಸೇವೆಯ ಗುಣಮಟ್ಟವೆಂದರೆ, ಈ ಕಾದಿರುವ ನೀರನ್ನು ಎಷ್ಟು ಸರಿಯಾಗಿ ಅಳೆದು ಎಷ್ಟು ಮೆಲ್ಲಗೆ ತೆಗೆಯುತ್ತಾರೆ ಎಂಬುದೇ ಬಹುಪಾಲು.

ಈ ಘಟಕದಲ್ಲಿ ನನಗೆ ಮೊದಲು ಹಿಡಿಸಿದ್ದು ಬಾಗಿಲ ಪಕ್ಕದ ತೂಕದ ಯಂತ್ರ. ನೆಲಮಟ್ಟಕ್ಕೇ ಕೂರಿಸಿದ ಅಗಲವಾದ ಹಲಗೆಯಾದ್ದರಿಂದ ಗಾಲಿಕುರ್ಚಿಯನ್ನು ಹಾಗೆಯೇ ತಳ್ಳಿಕೊಂಡು ಹೋಗಿ ನಿಲ್ಲಿಸಬಹುದು. ಪ್ರತಿ ಕುರ್ಚಿಯ ಬೆನ್ನಿಗೆ ಅದರ ತೂಕವನ್ನು ಬಿಳಿ ಬಣ್ಣದಲ್ಲಿ ಬರೆದಿದ್ದಾರೆ. ಟೆಕ್ನಿಷಿಯನ್ ಅದನ್ನು ಕಳೆದು ಬರೆದುಕೊಳ್ಳುತ್ತಾರೆ. ಶಾಲು, ಚಪ್ಪಲಿ, ಸೊಂಟಕ್ಕೆ ಸಿಕ್ಕಿಸಿದ ಎಲೆಅಡಿಕೆ ಚೀಲ ಎಲ್ಲವನ್ನೂ ಪಕ್ಕಕ್ಕಿಟ್ಟು ತೂಗುವುದು ಇಲ್ಲಿಯ ನಿಯಮ. ಚಳಿಗಾಲದ ಬೆಳಗ್ಗೆ ಆರು ಗಂಟೆಯ ಸರದಿಗೆ ಬಂದ ಅಜ್ಜಿಯೊಬ್ಬರು ಸ್ವೆಟರ್ ಬಿಚ್ಚಲಾರೆನೆಂದು ಹಟ ಹಿಡಿದಾಗ, ಟೆಕ್ನಿಷಿಯನ್ ಹುಡುಗ, "ಸರಿ ಬಿಡಿ ಅಜ್ಜಿ, ಹೋಗುವಾಗಲೂ ಇದೇ ಸ್ವೆಟರ್ ಹಾಕಿಕೊಂಡೇ ತೂಗೋಣ, ಸ್ವೆಟರಿನ ತೂಕ ನಾನು ಕಳೆದುಕೊಳ್ಳುತ್ತೇನೆ" ಎಂದು ಹಾಳೆಯಲ್ಲಿ 'ಸ್ವೆಟರ್ ಸಹಿತ' ಎಂದು ಬರೆದುಕೊಂಡದ್ದನ್ನು ನೋಡಿದ್ದೇನೆ. ಅರ್ಧ ಕಿಲೋ ಸ್ವೆಟರನ್ನು ನೀರೆಂದು ಎಣಿಸಿದರೆ ಅರ್ಧ ಲೀಟರ್ ಹೆಚ್ಚಾಗಿ ಎಳೆದಂತಾಗುತ್ತದೆ. ಅದು ಗೊತ್ತಿರುವವರು ಮಾಡುವ ಕೆಲಸ ಇದು.

ಲೆಕ್ಕ ಹೀಗಿರುತ್ತದೆ. ಮೈಯಲ್ಲಿ ಹೆಚ್ಚುವರಿ ನೀರಿಲ್ಲದೆ, ಬಿ.ಪಿ. ಸರಿಯಾಗಿದ್ದು, ಕಾಲು ಊದದೆ ಇರುವಾಗಿನ ತೂಕಕ್ಕೆ ಡ್ರೈ ವೇಟ್ ಎನ್ನುತ್ತಾರೆ. ಅದು 52 ಕಿಲೋ ಎಂದಿದ್ದು ರೋಗಿ 54.2 ತೂಗಿದರೆ 2.2 ಲೀಟರ್ ನೀರು ಸೇರಿದೆ ಎಂದರ್ಥ. ಕೊನೆಯಲ್ಲಿ ಟ್ಯೂಬುಗಳಲ್ಲಿನ ರಕ್ತವನ್ನು ಮೈಗೆ ಮರಳಿಸಲು ಬಳಸುವ ಸಲೈನು, ನಡುವೆ ಕುಡಿಯುವ ಚಹಾ ಸೇರಿ ಇನ್ನು 300 ಮಿಲಿಲೀಟರ್. ಒಟ್ಟು ಎರಡೂವರೆ ಲೀಟರನ್ನು ನಾಲ್ಕು ಗಂಟೆಯಲ್ಲಿ ತೆಗೆಯಬೇಕಾದರೆ ಗಂಟೆಗೆ 625 ಮಿಲಿಲೀಟರ್, ಅಂದರೆ ಪ್ರತಿ ಕಿಲೋ ತೂಕಕ್ಕೆ ಗಂಟೆಗೆ 12 ಮಿಲಿಲೀಟರ್ ಆಯಿತು. ಸಾಮಾನ್ಯವಾಗಿ 13ರ ಗಡಿ ದಾಟಬಾರದೆಂದು ವೈದ್ಯರು ಹೇಳುತ್ತಾರೆ. ಯಂತ್ರ ನೀರನ್ನು ಎಳೆಯುವುದು ರಕ್ತದಿಂದ ಮಾತ್ರ. ಕಾಲಿನ ಊತದಲ್ಲಿರುವ ನೀರು ನಿಧಾನವಾಗಿ ರಕ್ತನಾಳಕ್ಕೆ ಬಂದು ಸೇರಬೇಕು. ಒರತೆ ಬರುವ ವೇಗಕ್ಕಿಂತ ಜೋರಾಗಿ ಮೋಟಾರು ಓಡಿಸಿದರೆ ಬಾವಿ ಬತ್ತುವ ಹಾಗೆ, ಅವಸರದಲ್ಲಿ ಎಳೆದರೆ ಬಿ.ಪಿ. ಕುಸಿಯುತ್ತದೆ, ಮೀನಖಂಡ ಹಿಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಹೃದಯದ ಸ್ನಾಯುವಿಗೂ ಪೆಟ್ಟು ಬೀಳುತ್ತದೆ.

ನಾವು ಮೊದಲು ಹೋಗುತ್ತಿದ್ದ ಬೇರೊಂದು ಕಡೆ, ಬಂದ ತೂಕ ಎಷ್ಟಿದ್ದರೂ ನಾಲ್ಕು ಗಂಟೆಗೆ ಮುಗಿಸಿ ಮುಂದಿನವರನ್ನು ಮಲಗಿಸುವುದೇ ರೂಢಿಯಾಗಿತ್ತು. ಕೊನೆಯ ಅರ್ಧ ಗಂಟೆ ಅಮ್ಮನಿಗೆ ಸೆಳೆತದಲ್ಲೇ ಕಳೆಯುತ್ತಿತ್ತು. ಇಲ್ಲಿ ಹಬ್ಬದ ಮರುದಿನ ಮೂರೂವರೆ ಕಿಲೋ ಏರಿಸಿಕೊಂಡು ಹೋದಾಗ ಅಷ್ಟನ್ನೂ ಒಂದೇ ಸಲ ತೆಗೆಯಲು ಒಪ್ಪಲಿಲ್ಲ. ಅರ್ಧ ಗಂಟೆ ಹೆಚ್ಚು ಕೊಟ್ಟು, ಉಳಿದದ್ದಕ್ಕೆ ಮರುದಿನ ಎರಡು ಗಂಟೆಯ ಹೆಚ್ಚುವರಿ ಸರದಿ ಬರೆದರು. ಓಡಾಟದ ತೊಂದರೆ ನಮಗಾಯಿತು, ನಿಜ. ಆದರೂ ಈ ಘಟಕಕ್ಕೆ ಹೆಚ್ಚಿನ ಅಂಕ ಕೊಡಬೇಕಾದದ್ದು ಈ ಒಂದು ನಡವಳಿಕೆಗೇ ಎಂದು ನಾನು ಭಾವಿಸುತ್ತೇನೆ.

ದೋಷವೂ ಇದೇ ಜಾಗದಲ್ಲಿದೆ. ಡ್ರೈ ವೇಟ್ ಒಮ್ಮೆ ಬರೆದರೆ ಮುಗಿಯುವ ಅಂಕಿಯಲ್ಲ. ಊಟ ಚೆನ್ನಾಗಿ ಸೇರಿ ಮೈ ತುಂಬಿಕೊಂಡರೆ ಅದು ಏರುತ್ತದೆ. ಜ್ವರ ಬಂದು ಮೈ ಇಳಿದರೆ ಅದೂ ಇಳಿಯುತ್ತದೆ. ಮೈ ಇಳಿದದ್ದನ್ನು ಗಮನಿಸದಿದ್ದರೆ ಕರಗಿದ ಮಾಂಸದ ಜಾಗದಲ್ಲಿ ನೀರು ಕೂತು, ತಕ್ಕಡಿ ಮಾತ್ರ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿರುತ್ತದೆ. ಅಮ್ಮನಿಗೆ ಜ್ವರ ಬಂದು ಹೋದ ಮೇಲೆ ಹೀಗೇ ಆಯಿತು: ತೂಕ ಅಷ್ಟೇ ಇತ್ತು, ಆದರೆ ಸಂಜೆಗೆ ಪಾದ ಊದುತ್ತಿತ್ತು, ರಾತ್ರಿ ಎರಡು ದಿಂಬಿಲ್ಲದೆ ಮಲಗಲಾಗುತ್ತಿರಲಿಲ್ಲ. ಟೆಕ್ನಿಷಿಯನ್ ಇದನ್ನು ಗುರುತಿಸಿ ಹಾಳೆಯಲ್ಲಿ ಬರೆದಿದ್ದರು. ಅಂಕಿ ಬದಲಿಸುವ ಅಧಿಕಾರವಿರುವುದು ಮೂತ್ರಪಿಂಡ ತಜ್ಞರಿಗೆ. ಅವರು ಬರುವುದು ವಾರಕ್ಕೊಂದು ದಿನ, ಗುರುವಾರ. ಅಮ್ಮನ ಸರದಿ ಸೋಮವಾರ, ಬುಧವಾರ, ಶುಕ್ರವಾರ. ಹಾಳೆಯನ್ನು ತಜ್ಞರ ಮುಂದಿಟ್ಟು ತೂಕ ಇಳಿಸಿಕೊಳ್ಳುವ ಹೊತ್ತಿಗೆ ವಾರಗಳೇ ಕಳೆದವು. ಒಂದು ಬದಿಯ ದಿನಗಳ ರೋಗಿಗಳಿಗೆ ತಜ್ಞರ ದರ್ಶನವೇ ಇಲ್ಲದಂತೆ ವೇಳಾಪಟ್ಟಿ ಹಾಕಿರುವುದು ಈ ಘಟಕದ ಅತಿ ದೊಡ್ಡ ಕೊರತೆ. ವಾರ ಬಿಟ್ಟು ವಾರ ದಿನ ಬದಲಿಸಿದರೆ ಸರಿಹೋಗುವಂಥದ್ದನ್ನು ಏಕೆ ಹಾಗೇ ಬಿಟ್ಟಿದ್ದಾರೋ ತಿಳಿಯದು.

ಸೂಜಿ ಹಾಕುವ ಕೈ ಪಳಗಿದೆ. ಎಡ ಮುಂಗೈಯ ಫಿಸ್ಟುಲಾ, ಅಂದರೆ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡಿದ ದಪ್ಪ ನಾಳವನ್ನು, ಮೊದಲು ಬೆರಳಿಟ್ಟು ಮುಟ್ಟಿ ಅದರ ಅದುರುವಿಕೆಯನ್ನು ನೋಡುತ್ತಾರೆ, ಆಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಾರೆ, ಕಳೆದ ಸಲದ ಗುರುತಿನಿಂದ ಸ್ವಲ್ಪ ಸರಿದು ಚುಚ್ಚುತ್ತಾರೆ. 1966ರಲ್ಲಿ ನ್ಯೂಯಾರ್ಕಿನ ಬ್ರೆಶಿಯಾ, ಚಿಮಿನೊ ಮೊದಲಾದ ವೈದ್ಯರು ಪ್ರಕಟಿಸಿದ ಈ ಉಪಾಯ ಇಂದಿಗೂ ಎಲ್ಲಕ್ಕಿಂತ ಒಳ್ಳೆಯ ದಾರಿಯಾಗಿಯೇ ಉಳಿದಿದೆ.

ಯಂತ್ರದಲ್ಲಿ ರಕ್ತವನ್ನು ಶುದ್ಧಗೊಳಿಸುವ ಡಯಲೈಸರ್ ಎಂಬ ಕೊಳವೆ ಮೊಳಕ್ಕಿಂತ ಗಿಡ್ಡ. ಒಳಗೆ ಸಾವಿರಾರು ಟೊಳ್ಳು ಎಳೆಗಳು, ಒಂದೊಂದರ ಒಳವ್ಯಾಸ ಸುಮಾರು 200 ಮೈಕ್ರಾನ್. ಬಿಡಿಸಿ ಹರಡಿದರೆ ಒಂದೂವರೆ ಚದರ ಮೀಟರಿನಷ್ಟು ಪೊರೆ. ಎಳೆಗಳ ಒಳಗೆ ರಕ್ತ ಒಂದು ದಿಕ್ಕಿನಲ್ಲಿ ನಿಮಿಷಕ್ಕೆ 250ರಿಂದ 300 ಮಿಲಿಲೀಟರ್ ವೇಗದಲ್ಲಿ, ಹೊರಗೆ ಡಯಾಲಿಸಿಸ್ ದ್ರವ ಎದುರು ದಿಕ್ಕಿನಲ್ಲಿ 500 ಮಿಲಿಲೀಟರ್ ವೇಗದಲ್ಲಿ ಹರಿಯುತ್ತವೆ. ಮೂತ್ರಪಿಂಡ ಎಲ್ಲವನ್ನೂ ಸೋಸಿ ಹೊರಹಾಕಿ, ಬೇಕಾದದ್ದನ್ನು ಆರಿಸಿ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಈ ಕೊಳವೆಗೆ ಆರಿಸುವ ಬುದ್ಧಿಯಿಲ್ಲ. ಪೊರೆಯ ಆಚೆ ಯಾವುದು ಕಡಿಮೆಯಿದೆಯೋ ಅದು ರಕ್ತದಿಂದ ಅತ್ತ ಹೋಗುತ್ತದೆ, ಅಷ್ಟೇ. ಆದ್ದರಿಂದ ದ್ರವದಲ್ಲಿ ಪೊಟಾಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಬರೆಯುವ ವೈದ್ಯರೇ ಇಲ್ಲಿ ಸಂಗ್ರಾಹಕ ನಾಳದ ಕೆಲಸ ಮಾಡಬೇಕು. ಸೋಡಿಯಂ ತುಸು ಹೆಚ್ಚಿಟ್ಟರೆ ಮಲಗಿರುವಷ್ಟು ಹೊತ್ತು ಬಿ.ಪಿ. ಕುಸಿಯದೆ ಹಾಯೆನಿಸುತ್ತದೆ, ಮನೆಗೆ ಹೋದ ಮೇಲೆ ಬಾಯಾರಿಕೆ ತಡೆಯಲಾಗದು. ಇಲ್ಲಿ ಪ್ರತಿ ರೋಗಿಯ ಹಾಳೆಯಲ್ಲಿ ಈ ಎರಡೂ ಅಂಕಿ ಬೇರೆಬೇರೆಯಾಗಿ ಬರೆದಿರುವುದನ್ನು ಕಂಡಿದ್ದೇನೆ. ನೆದರ್ಲೆಂಡ್ಸ್‌ನ ಕಾಂಪೆನ್ ಊರಿನಲ್ಲಿ ವಿಲೆಮ್ ಕೊಲ್ಫ್ 1943ರಲ್ಲಿ ಮರದ ಉರುಳೆಗೆ ಸೆಲ್ಲೊಫೇನ್ ಕೊಳವೆ ಸುತ್ತಿ ಈ ಕೆಲಸ ಶುರುಮಾಡಿದಾಗ ಮೊದಲ ರೋಗಿಗಳಲ್ಲಿ ಹೆಚ್ಚಿನವರು ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿ ಎದ್ದರು. ತತ್ವ ಇಂದಿಗೂ ಅದೇ.

ಹೊರಗೆ ಹರಿಯುವ ಆ ದ್ರವದ ಲೆಕ್ಕ ಹಾಕಿದರೆ ನಾಲ್ಕು ಗಂಟೆಗೆ 120 ಲೀಟರ್ ಆಗುತ್ತದೆ. ಅಷ್ಟು ನೀರು ರೋಗಿಯ ರಕ್ತಕ್ಕೆ ಒಂದು ಪೊರೆಯಷ್ಟೇ ದೂರದಲ್ಲಿ ಹರಿಯುವುದರಿಂದ, ಕುಡಿಯಲು ಯೋಗ್ಯವಾದ ನೀರು ಇಲ್ಲಿಗೆ ಸಾಲದು. ಕ್ಲೋರಿನ್ ಮತ್ತು ಕ್ಲೊರಮೀನ್ ಉಳಿದಿದ್ದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಅಲ್ಯೂಮಿನಿಯಂ ಮಿದುಳಿಗೂ ಮೂಳೆಗೂ ಸೇರಿ ಹಿಂದೆ ಎಷ್ಟೋ ರೋಗಿಗಳನ್ನು ಕೆಡಿಸಿದೆ. ನಮ್ಮ ಕಡೆಯ ಕೊಳವೆಬಾವಿ ನೀರಿನ ಗಡಸುತನವಂತೂ ಎಲ್ಲರಿಗೂ ಗೊತ್ತೇ ಇದೆ. ಮರಳಿನ ಫಿಲ್ಟರ್, ಇದ್ದಿಲಿನ ಫಿಲ್ಟರ್, ಗಡಸುತನ ತೆಗೆಯುವ ತೊಟ್ಟಿ, ಕೊನೆಗೆ ಆರ್.ಒ. ಇರುವ ಹಿಂದಿನ ಕೋಣೆಯನ್ನು ಕೇಳಿದೊಡನೆ ತೆರೆದು ತೋರಿಸಿದರು. ಬಾಗಿಲಿಗೆ ದಾರ ಕಟ್ಟಿ ನೇತುಹಾಕಿದ ಪುಸ್ತಕದಲ್ಲಿ ಪ್ರತಿದಿನ ಮೊದಲ ಸರದಿಗೆ ಮುಂಚಿನ ಕ್ಲೋರಿನ್, ಗಡಸುತನ, ಟಿ.ಡಿ.ಎಸ್. (ನೀರಿನಲ್ಲಿ ಕರಗಿದ ಲವಣಾಂಶ) ಅಂಕಿಗಳೂ ಸಹಿಯೂ ಇದ್ದವು. ತಿಂಗಳಿಗೊಮ್ಮೆ ಹೊರಗಿನ ಪ್ರಯೋಗಾಲಯಕ್ಕೆ ಕಳಿಸುವ ಬ್ಯಾಕ್ಟೀರಿಯಾ ಪರೀಕ್ಷೆಯ ವರದಿಯನ್ನು ಮಾತ್ರ ಎಲ್ಲಿಯೂ ಅಂಟಿಸಿಲ್ಲ. ಕೇಳಿದಾಗ ಕಚೇರಿಯಲ್ಲಿದೆ ಎಂದರು. ಅದೂ ಗೋಡೆಯ ಮೇಲಿರಬೇಕಾದ ಕಾಗದವೇ. ಆರ್.ಒ. ಹೊರಬಿಡುವ ನೀರನ್ನು ಶೌಚಾಲಯಕ್ಕೂ ಹಿತ್ತಲ ಗಿಡಗಳಿಗೂ ತಿರುಗಿಸಿರುವುದು ಮೆಚ್ಚತಕ್ಕದ್ದು.

ಡಯಲೈಸರನ್ನು ಇಲ್ಲಿ ಅದೇ ರೋಗಿಗೆ ತೊಳೆದು ಮತ್ತೆ ಬಳಸುತ್ತಾರೆ. ಹೆಸರಿನ ಚೀಟಿಯನ್ನು ರೋಗಿಗೆ ಓದಿಸಿ ಒಪ್ಪಿಗೆ ಪಡೆದೇ ಜೋಡಿಸುವುದು, ಎಳೆಗಳ ಒಳಗಾತ್ರ ಮೊದಲಿನ ನೂರಕ್ಕೆ 80ಕ್ಕಿಂತ ಇಳಿದರೆ ಎಸೆಯುವುದು, ಕ್ರಿಮಿನಾಶಕ ಔಷಧದ ಅಂಶ ಉಳಿದಿಲ್ಲವೆಂದು ಪರೀಕ್ಷಾ ಪಟ್ಟಿಯಿಂದ ಪರೀಕ್ಷಿಸಿ ತೋರಿಸುವುದು, ಇವೆಲ್ಲ ಕ್ರಮಬದ್ಧವಾಗಿವೆ. ಹೆಚ್ಚು ಹಣ ಕೊಟ್ಟರೆ ಪ್ರತಿ ಸಲ ಹೊಸದು ಸಿಗುತ್ತದೆ. ಸಾಧ್ಯವಿರುವವರು ಹೊಸದನ್ನೇ ಆರಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೆಪಟೈಟಿಸ್ ಬಿ ಇರುವವರಿಗೆ ಬೇರೆ ಕೋಣೆ, ಬೇರೆ ಯಂತ್ರ ಇದೆ.

ಮೂರನೆಯ ನೀರು ಮನೆಯದು. ತಿಂಗಳಿಗೊಮ್ಮೆ ಬರುವ ಆಹಾರ ತಜ್ಞೆ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಕನ್ನಡದಲ್ಲಿ, ಅವಸರವಿಲ್ಲದೆ ಮಾತಾಡುತ್ತಾರೆ. "ನೀರು ಕಡಿಮೆ ಕುಡೀರಿ ಅಂತ ನಾನು ಹೇಳೋದಿಲ್ಲಮ್ಮ, ಉಪ್ಪು ಕಡಿಮೆ ಮಾಡಿ, ನೀರು ತಾನೇ ಕಡಿಮೆಯಾಗುತ್ತೆ" ಎಂದು ಅವರು ಅಮ್ಮನಿಗೆ ಹೇಳಿದ್ದು ಶಾಸ್ತ್ರಕ್ಕೆ ಸರಿಯಾದ ಮಾತು. ಸುಮಾರು 9 ಗ್ರಾಂ ಉಪ್ಪು ಮೈಯಲ್ಲಿ ಒಂದು ಲೀಟರ್ ನೀರನ್ನು ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳ ಬಿಡದೆ ಲೋಟ ಮಾತ್ರ ಚಿಕ್ಕದು ಮಾಡಿದರೆ ಬಾಯಾರಿಕೆಯೊಂದಿಗೆ ಜಗಳವಾಡುತ್ತಲೇ ಇರಬೇಕಾಗುತ್ತದೆ. ಸಾರು, ಗಂಜಿ, ಮಜ್ಜಿಗೆ, ಐಸ್ ತುಂಡು ಎಲ್ಲವೂ ನೀರಿನ ಲೆಕ್ಕಕ್ಕೆ ಸೇರುತ್ತವೆ ಎಂಬುದನ್ನೂ, ಎಳನೀರು ಮತ್ತು ಬಾಳೆಹಣ್ಣಿನ ಪೊಟಾಸಿಯಂ ಹೃದಯದ ಬಡಿತವನ್ನೇ ಕೆಡಿಸಬಲ್ಲದು ಎಂಬುದನ್ನೂ ಅವರ ಮುದ್ರಿತ ಹಾಳೆ ಸ್ಪಷ್ಟವಾಗಿ ಹೇಳುತ್ತದೆ. ಬಿ.ಪಿ. ಇರುವವರಿಗೆಂದು ಅಂಗಡಿಯಲ್ಲಿ ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಪೊಟಾಸಿಯಂ ಕ್ಲೋರೈಡ್ ಇರುವುದರಿಂದ ಅದನ್ನು ಮುಟ್ಟಲೇಬಾರದು ಎಂಬ ಎಚ್ಚರಿಕೆ ದಪ್ಪಕ್ಷರದಲ್ಲಿದೆ.

ಹಾಳೆಗೆ ನಮ್ಮ ಅಡುಗೆಮನೆಯ ಪರಿಚಯ ಇನ್ನಷ್ಟು ಬೇಕಿತ್ತು. ಸೊಪ್ಪು ತರಕಾರಿಯನ್ನು ಬೇಯಿಸಿ ನೀರು ಬಸಿದು ತಿನ್ನಿ ಎಂದು ಬರೆದಿದ್ದಾರೆ, ಸರಿ. ಬಸಿದ ಆ ನೀರಿನಲ್ಲೇ ಬಸ್ಸಾರು ಮಾಡಿ, ಸೊಪ್ಪನ್ನು ಪಲ್ಯ ಮಾಡಿಕೊಳ್ಳುವುದು ಈ ಭಾಗದ ಮನೆಮನೆಯ ಪದ್ಧತಿ. ತೆಗೆದುಹಾಕಬೇಕೆಂದ ಪೊಟಾಸಿಯಂ ಅಷ್ಟೂ ಸಾರಿನ ಪಾತ್ರೆಗೇ ಬರುತ್ತದೆ. ಇದನ್ನು ಒಂದು ಸಾಲಿನಲ್ಲಿ ಬರೆದಿದ್ದರೆ ಸಾಕಿತ್ತು. ಮುದ್ದೆಯ ಮಾತೇ ಹಾಳೆಯಲ್ಲಿಲ್ಲ, ಚಪಾತಿಗೆ ಮಾತ್ರ ಅಳತೆಯಿದೆ. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಹೆಚ್ಚು ಬೇಕು ಎಂಬುದನ್ನು, ಹಳೆಯ ಪಥ್ಯದ ಭಯದಿಂದ ಮೊಟ್ಟೆಯನ್ನೂ ಬಿಟ್ಟಿರುವ ಮನೆಯವರಿಗೆ, ಅವರು ಬಾಯಿಮಾತಿನಲ್ಲಿ ಚೆನ್ನಾಗಿ ತಿಳಿಸುತ್ತಾರೆ.

ಮೂತ್ರಪಿಂಡ ರಕ್ತಕಣ ಹುಟ್ಟಿಸುವ ಎರಿತ್ರೊಪೊಯೆಟಿನ್ ಹಾರ್ಮೋನನ್ನೂ ತಯಾರಿಸುತ್ತದೆ, ವಿಟಮಿನ್ ಡಿಯನ್ನು ಬಳಕೆಗೆ ಬರುವ ರೂಪಕ್ಕೂ ತರುತ್ತದೆ. ಯಂತ್ರ ಇವೆರಡನ್ನೂ ಮಾಡದು. ಇಂಜೆಕ್ಷನ್ ಇಲ್ಲಿಯ ಫ್ರಿಜ್ಜಿನಲ್ಲೇ ಇರುತ್ತದೆ, ತಿಂಗಳಿಗೊಮ್ಮೆ ಹಿಮೊಗ್ಲೋಬಿನ್ ನೋಡುತ್ತಾರೆ. ಇದರಲ್ಲಿ ಹೇಳಿಕೊಳ್ಳುವಂಥ ಕುಂದಿಲ್ಲ.

ಭಾನುವಾರ ಘಟಕ ಮುಚ್ಚಿರುತ್ತದೆ. ಶುಕ್ರವಾರದಿಂದ ಸೋಮವಾರದವರೆಗಿನ ಅಂತರ ರೋಗಿಗಳಿಗೆ ವಾರದಲ್ಲೇ ಹೆಚ್ಚು ಅಪಾಯದ್ದು. ನೀರೂ ಪೊಟಾಸಿಯಂ ಕೂಡ ಆಗಲೇ ಹೆಚ್ಚು ಕೂಡುತ್ತವೆ. ಹೆಚ್ಚಿನ ಕೇಂದ್ರಗಳ ಕಥೆ ಇದೇ ಆದರೂ, ಉಸಿರು ಕಟ್ಟಿದರೆ ಎಲ್ಲಿಗೆ ಹೋಗಬೇಕೆಂದು ಹೇಳುವ ಒಂದು ಬರಹವಾದರೂ ಬಾಗಿಲಲ್ಲಿ ಇರಬಹುದಿತ್ತು. ಅಂಗಾಂಗ ದಾನಕ್ಕಾಗಿ ರಾಜ್ಯ ಸರ್ಕಾರ ನಡೆಸುವ ಜೀವಸಾರ್ಥಕತೆಯ ಭಿತ್ತಿಪತ್ರ ಗೋಡೆಯ ಮೇಲಿದೆ, ಆದರೆ ಕಸಿಗೆ ಹೆಸರು ನೋಂದಾಯಿಸುವ ಬಗೆಯನ್ನಾಗಲಿ, ಮನೆಯಲ್ಲೇ ಹೊಟ್ಟೆಯ ಪೊರೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್ ಬಗ್ಗೆಯಾಗಲಿ ಯಾರೂ ತಾವಾಗಿ ಹೇಳುವುದಿಲ್ಲ. ದೂರದ ಹಳ್ಳಿಗಳಿಂದ ಬಸ್ಸು ಹತ್ತಿ ಬರುವವರಿಗೆ ಈ ಎರಡನೆಯದು ಅನುಕೂಲವಾಗಬಹುದೇ ಎಂದು ತಜ್ಞರನ್ನು ತಾವೇ ಕೇಳಬೇಕು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡನ್ನು ಇಲ್ಲಿ ಒಪ್ಪುತ್ತಾರೆ, ಬಿ.ಪಿ.ಎಲ್. ಕುಟುಂಬಗಳು ಚಿಕಿತ್ಸೆಗೆ ಕೈಯಿಂದ ಕೊಡಬೇಕಾದದ್ದಿಲ್ಲ, ಹೊಸ ಡಯಲೈಸರಿನ ವ್ಯತ್ಯಾಸವನ್ನು ಮಾತ್ರ ತಾವೇ ಭರಿಸಬೇಕು. ಮದುವೆಗೋ ಜಾತ್ರೆಗೋ ಈ ಊರಿಗೆ ಬಂದು ಒಂದೆರಡು ಸರದಿ ಬೇಕಾದವರು ವಾರ ಮುಂಚೆ ಫೋನ್ ಮಾಡಿದರೆ ಮಧ್ಯಾಹ್ನದ ಸರದಿಯಲ್ಲಿ ಸಾಮಾನ್ಯವಾಗಿ ಜಾಗ ಕೊಡುತ್ತಾರೆ. ಬರುವಾಗ ಕೊನೆಯ ಮೂರು ಸರದಿಗಳ ಹಾಳೆ, ಹೆಪಟೈಟಿಸ್ ಬಿ, ಸಿ ಮತ್ತು ಎಚ್.ಐ.ವಿ. ವರದಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧದ ಪ್ರಮಾಣ, ಡ್ರೈ ವೇಟ್ ಬರೆದ ಚೀಟಿ ಇವಿಷ್ಟೂ ಕೈಯಲ್ಲಿರಬೇಕು. ವೈರಸ್ ವರದಿ ಇಲ್ಲದವರನ್ನು, ಎಷ್ಟು ದೂರದಿಂದ ಬಂದಿದ್ದರೂ, ಯಂತ್ರಕ್ಕೆ ಜೋಡಿಸುವುದಿಲ್ಲ.